ಮಸುಕಾದ ಅಚ್ಚು ಏನು ಹೇಳುತ್ತದೆ?

ಗ್ರೀಟಿಂಗ್ ಕಾರ್ಡಿನ ಮೇಲೆ ಒತ್ತಿದ ಒಂದು ದಾಸವಾಳ. ಎಸಳುಗಳ ಅಂಚು ಕಡುಗೆಂಪು, ನಡುಭಾಗ ಬಿಳಿಚಿಕೊಂಡಿದೆ, ಎಡಗಡೆಯ ಮೂಲೆ ಮೂಡಿಯೇ ಇಲ್ಲ. ಇಂಥ ಅಚ್ಚು ಕಂಡಾಗ ತಟ್ಟನೆ ಹೊಳೆಯುವ ಪರಿಹಾರ ಒಂದೇ: ಮುಂದಿನ ಸಲ ಇನ್ನಷ್ಟು ಬಲವಾಗಿ ಒತ್ತುವುದು. ಮೈಭಾರವನ್ನೆಲ್ಲ ಹಾಕಿ ಒತ್ತಿದ ಆ ಎರಡನೆಯ ಅಚ್ಚು ಎಷ್ಟೋ ಸಲ ಮೊದಲನೆಯದಕ್ಕಿಂತ ಕೆಟ್ಟಿರುತ್ತದೆ. ಗೆರೆಗಳು ದಪ್ಪಗಾಗಿರುತ್ತವೆ, ಚಿತ್ರದ ಹೊರಗೆ ರಬ್ಬರಿನ ಅಂಚಿನ ಗುರುತೂ ಬಿದ್ದಿರುತ್ತದೆ.

ಕೈಯಿಂದ ಕಾರ್ಡ್ ಮಾಡಲು ಹೊರಟವರಿಗೆ ನಾನು ಮೊದಲು ಹೇಳುವ ಮಾತು ಇದು: ಕೆಟ್ಟ ಅಚ್ಚನ್ನು ಮುದುರಿ ಎಸೆಯಬೇಡಿ, ಬೆಳಕಿಗೆ ಹಿಡಿದು ಓದಿ. ಎಲ್ಲಿ ತಪ್ಪಿದೆ ಎಂಬುದು ಅದರಲ್ಲೇ ಬರೆದಿರುತ್ತದೆ. ಒಂದು ಬದಿ ಪೂರ್ತಿ ಮಾಯವಾಗಿದ್ದರೆ ಕೈ ವಾಲಿದೆ. ಗೆರೆಯ ಪಕ್ಕ ನೆರಳಿನಂಥ ಇನ್ನೊಂದು ಗೆರೆ ಇದ್ದರೆ ಸ್ಟ್ಯಾಂಪು ಜಾರಿದೆ, ಇಲ್ಲವೇ ಎತ್ತುವಾಗ ಅಲುಗಿದೆ. ಪ್ರತಿ ಗೆರೆಯ ಅಂಚು ಗಾಢವಾಗಿ ನಡು ತಿಳಿಯಾಗಿದ್ದರೆ ಒತ್ತಡ ಹೆಚ್ಚಾಗಿ ಶಾಯಿ ಪಕ್ಕಕ್ಕೆ ಹಿಂಡಿಹೋಗಿದೆ. ಬಿಳಿ ಚುಕ್ಕೆಗಳಿದ್ದರೆ ಮತ್ತೊಂದು ಅಚ್ಚು ಒತ್ತಿ ಎರಡನ್ನೂ ಪಕ್ಕಪಕ್ಕ ಇಡಬೇಕು. ಚುಕ್ಕೆಗಳು ಎರಡರಲ್ಲೂ ಅದೇ ಜಾಗದಲ್ಲಿದ್ದರೆ ದೋಷ ಸ್ಟ್ಯಾಂಪಿನ ಮೈಯಲ್ಲಿದೆ: ಒಂದು ಎಳೆ ನೂಲು, ಒಣಗಿದ ಶಾಯಿ, ಬೆರಳಿನ ಜಿಡ್ಡು. ಜಾಗ ಬದಲಿಸಿದ್ದರೆ ಶಾಯಿಯನ್ನೋ ಕಾಗದವನ್ನೋ ಅನುಮಾನಿಸಬೇಕು. ಮೇಜಿನ ಮೇಲೆ ಗುಮಾನಿ ಬಂದರೆ ಸ್ಟ್ಯಾಂಪನ್ನೂ ಕಾಗದವನ್ನೂ ಒಟ್ಟಿಗೆ ಅರ್ಧ ಸುತ್ತು ತಿರುಗಿಸಿಟ್ಟು ಒತ್ತಿ ನೋಡಿ. ಚಿತ್ರದ ಮಸುಕು ಈಗ ಎದುರು ಬದಿಗೆ ಹೋದರೆ ಮೇಜಿಗೆ ತಗ್ಗಿದೆ ಎಂದರ್ಥ. ಹೋಗದೆ ಅಲ್ಲೇ ಉಳಿದರೆ ಸ್ಟ್ಯಾಂಪಿಗೇ ತಗ್ಗಿದೆ.

ಬಲ ಹಾಕಿದರೆ ಏಕೆ ಕೆಡುತ್ತದೆ? ರಬ್ಬರು ಮೆತ್ತಗಿದ್ದರೂ ಅದನ್ನು ಕುಗ್ಗಿಸುವುದು ಕಷ್ಟ. ಮೇಲಿನಿಂದ ಒತ್ತಿದರೆ ಅದು ಪಕ್ಕಕ್ಕೆ ಉಬ್ಬುತ್ತದೆ. ಸಣ್ಣ ಗೆರೆಯೊಂದು ಹಾಗೆ ಉಬ್ಬಿದಾಗ ತನ್ನ ಮೇಲಿನ ಶಾಯಿಯನ್ನು ಎರಡೂ ಕಡೆಗೆ ತಳ್ಳುತ್ತದೆ. ಅದೇ ಹೊತ್ತಿಗೆ ಉಬ್ಬುಗೆರೆಗಳ ನಡುವಿನ ತಗ್ಗು ಜಾಗ ಬಾಗಿ ಕಾಗದವನ್ನು ಮುಟ್ಟುತ್ತದೆ. ಗೆರೆಚಿತ್ರಕ್ಕೆ ಹೆಚ್ಚು ಬಲ ಬೇಕಿಲ್ಲ. ಆದರೆ ಪೂರ್ತಿ ತುಂಬಿದ ಆಕಾರಕ್ಕೆ ನಿಜವಾಗಿಯೂ ಬೇಕು. ಇಲ್ಲೊಂದು ಲೆಕ್ಕವಿದೆ. 10 ಸೆಂ.ಮೀ. ಉದ್ದ, 7 ಸೆಂ.ಮೀ. ಅಗಲದ ತುಂಬು ಆಕಾರದ ಸ್ಟ್ಯಾಂಪು 70 ಚದರ ಸೆಂ.ಮೀ. ಜಾಗದಲ್ಲಿ ಕಾಗದವನ್ನು ಮುಟ್ಟುತ್ತದೆ. ಅದೇ ಅಳತೆಯ ಗೆರೆಚಿತ್ರ ಮುಟ್ಟುವುದು 5 ಚದರ ಸೆಂ.ಮೀ. ಎಂದಿಟ್ಟುಕೊಳ್ಳೋಣ. ಎರಡಕ್ಕೂ 7 ಕಿಲೋ ಭಾರ ಹಾಕಿದರೆ ತುಂಬು ಆಕಾರದ ಪ್ರತಿ ಚದರ ಸೆಂ.ಮೀ.ಗೆ ಸಿಗುವುದು 100 ಗ್ರಾಂ, ಗೆರೆಗೆ 1,400 ಗ್ರಾಂ. ಒಂದೇ ಕೈ, ಒಂದೇ ಬಲ, ಹದಿನಾಲ್ಕು ಪಟ್ಟು ವ್ಯತ್ಯಾಸ. ಎಲ್ಲ ಸ್ಟ್ಯಾಂಪನ್ನೂ ಒಂದೇ ರೀತಿ ಒತ್ತುವವರಿಗೆ ಕೆಲವು ಚೆನ್ನಾಗಿ ಮೂಡಿ ಕೆಲವು ಸದಾ ಕೈಕೊಡುವುದು ಇದೇ ಕಾರಣಕ್ಕೆ.

ಆದ್ದರಿಂದ ದೊಡ್ಡ, ತುಂಬು ಆಕಾರಗಳನ್ನು ಒತ್ತುವಾಗ ಎದ್ದು ನಿಲ್ಲಿ. ಕುಳಿತವರ ತೋಳು ಓರೆಯಾಗಿ ಒತ್ತುತ್ತದೆ, ನಿಂತವರ ಭಾರ ನೇರ ಕೆಳಗಿಳಿಯುತ್ತದೆ. ಒಂದು ಕೈಯಲ್ಲಿ ಬ್ಲಾಕನ್ನು ಅಲುಗದಂತೆ ಹಿಡಿದು, ಇನ್ನೊಂದರ ಬೆರಳತುದಿಗಳಿಂದ ನಡುವಿನಿಂದ ಹೊರಕ್ಕೆ ಮೂಲೆಮೂಲೆಗೂ ಒತ್ತುತ್ತ ಬನ್ನಿ. ಸ್ಟ್ಯಾಂಪನ್ನು ತೊಟ್ಟಿಲಿನ ಹಾಗೆ ಆಚೀಚೆ ತೂಗುವುದು ಮಾತ್ರ ಬೇಡ. ಬ್ಯಾಂಕಿನ ಕೌಂಟರಿನಲ್ಲಿ ಆ ತೂಗಾಟ ನಡೆಯುತ್ತದೆ, ಅಲ್ಲಿ ಅಕ್ಷರ ಓದಲು ಬಂದರೆ ಸಾಕು. ಕಾರ್ಡಿನಲ್ಲಿ ಅದು ಅಂಚಿನ ಕಲೆಯಾಗಿ ಉಳಿಯುತ್ತದೆ. ಒತ್ತಿದ ಮೇಲೆ ಎರಡು ಮೂರು ಸೆಕೆಂಡು ಬಿಟ್ಟು ನೇರವಾಗಿ ಮೇಲೆತ್ತಬೇಕು, ಕಾಗದವನ್ನು ಇನ್ನೊಂದು ಕೈ ಹಿಡಿದಿರಬೇಕು.

ಕೆಳಗೆ ಏನಿದೆ ಎಂಬುದು ಮೇಲಿನ ಕೈಯಷ್ಟೇ ಮುಖ್ಯ. ಜೈಪುರದ ಬಳಿಯ ಬಗರು, ಸಾಂಗಾನೇರುಗಳಲ್ಲಿ ಮರದ ಅಚ್ಚಿನಿಂದ ಬಟ್ಟೆಗೆ ಬಣ್ಣ ಒತ್ತುವ ಛೀಪಾ ಕುಶಲಕರ್ಮಿಗಳ ಮೇಜುಗಳನ್ನು ನೋಡಿದವರಿಗೆ ಇದು ಗೊತ್ತು. ಮೇಜಿನ ಮೇಲೆ ಬಟ್ಟೆಯ ಪದರಗಳ ಮೆತ್ತೆ ಹಾಸಿರುತ್ತದೆ. ಗಟ್ಟಿ ಮರದ ಅಚ್ಚಿನ ಸಣ್ಣಪುಟ್ಟ ಏರುಪೇರುಗಳನ್ನು ಆ ಮೆತ್ತೆ ನುಂಗಿಕೊಳ್ಳುತ್ತದೆ. ಕಾರ್ಡಿನ ಕೆಲಸದಲ್ಲೂ ತತ್ತ್ವ ಅದೇ, ಆದರೆ ಮೆತ್ತೆ ಎಲ್ಲೋ ಒಂದೇ ಕಡೆ ಇರಬೇಕು. ಮರದ ಹಿಡಿಯ ಕೆಂಪು ರಬ್ಬರ್ ಸ್ಟ್ಯಾಂಪುಗಳಲ್ಲಿ ರಬ್ಬರಿಗೂ ಮರಕ್ಕೂ ನಡುವೆ ಫೋಮ್ ಪದರ ಮೊದಲೇ ಇರುತ್ತದೆ, ಅದಕ್ಕೆ ಗಟ್ಟಿ ಮೇಜು ಸಾಕು. ಅಕ್ರಿಲಿಕ್ ಬ್ಲಾಕಿಗೆ ಅಂಟಿಸುವ ಪಾರದರ್ಶಕ ಪಾಲಿಮರ್ ಸ್ಟ್ಯಾಂಪಿಗೆ ಬೆನ್ನಿನಲ್ಲಿ ಫೋಮ್ ಇಲ್ಲ, ಹಾಗಾಗಿ ಕಾಗದದ ಕೆಳಗೆ ತೆಳು ಮೆತ್ತೆ ಬೇಕು. ಹಳೆಯ ಕಂಪ್ಯೂಟರ್ ಮೌಸ್‌ನ ಪ್ಯಾಡು ಇದಕ್ಕೆ ಚೆನ್ನಾಗಿ ಒದಗುತ್ತದೆ. ಮೇಲೂ ಕೆಳಗೂ ಮೆತ್ತೆಯಾದರೆ ಕಾಗದ ಸ್ಟ್ಯಾಂಪಿನ ತಗ್ಗಿಗೆ ಇಳಿದು ಬೇಡದ ಕಲೆಗಳು ಮೂಡುತ್ತವೆ.

ಇನ್ನು ಶಾಯಿ. ನಮ್ಮಲ್ಲಿ ಸ್ಟ್ಯಾಂಪ್ ಪ್ಯಾಡ್ ಎಂದ ಕೂಡಲೇ ಕಣ್ಣಿಗೆ ಬರುವುದು ಕಚೇರಿಯ ತಗಡಿನ ಡಬ್ಬಿ ಮತ್ತು ಆ ನೇರಳೆ ಬಣ್ಣ. ಮೀಥೈಲ್ ವಯೊಲೆಟ್ ಎಂಬ ಬಣ್ಣವನ್ನು ನೀರು ಮತ್ತು ಗ್ಲಿಸರಿನ್ನಿನಲ್ಲಿ ಕರಗಿಸಿ ಮಾಡುವ ಶಾಯಿ ಅದು. ಗ್ಲಿಸರಿನ್ ಆವಿಯಾಗುವುದಿಲ್ಲ, ಗಾಳಿಯ ತೇವವನ್ನೂ ಎಳೆದುಕೊಳ್ಳುತ್ತದೆ. ಪ್ಯಾಡು ತಿಂಗಳುಗಟ್ಟಲೆ ಒಣಗದಿರುವುದು ಅದರಿಂದಲೇ. ಹಾಗೆಂದರೆ ಕಾಗದದ ಮೇಲೂ ಅದು ಆವಿಯಾಗಿ ಒಣಗದು, ನಾರಿನೊಳಗೆ ಇಂಗಿಯೇ ಒಣಗಬೇಕು. ಅರ್ಜಿಯ ತೆಳು ಕಾಗದದಲ್ಲಿ ಸುಲಭವಾಗಿ ಇಂಗುತ್ತದೆ, ಸ್ವಲ್ಪ ಹರಡುತ್ತದೆ. ನಯವಾದ ದಪ್ಪ ಕಾರ್ಡಿನಲ್ಲಿ ಮೇಲೆಯೇ ಕುಳಿತು, ಮುಟ್ಟಿದವರ ಬೆರಳಿಗೆಲ್ಲ ಹತ್ತುತ್ತದೆ. ಕಚೇರಿ ಪ್ಯಾಡಿನಿಂದ ಕಾರ್ಡ್ ಮಾಡಲು ಹೋಗಿ ತಮ್ಮ ಕೈಯೇ ಸರಿಯಿಲ್ಲವೆಂದು ಬೇಸತ್ತು ಬಿಟ್ಟುಬಿಡುವವರನ್ನು ಕಂಡಾಗ ನನಗೆ ನಿಜವಾಗಿ ನೋವಾಗುತ್ತದೆ. ಕೈಯಲ್ಲಿ ಏನೂ ದೋಷವಿರುವುದಿಲ್ಲ.

ಕಾರ್ಡಿಗೆಂದೇ ತಯಾರಾಗುವ ಶಾಯಿಗಳಲ್ಲಿ ಎರಡು ಮುಖ್ಯ ಕುಲ. ಡೈ ಶಾಯಿಯಲ್ಲಿ ಬಣ್ಣ ನೀರಿನಲ್ಲಿ ಪೂರ್ತಿ ಕರಗಿರುತ್ತದೆ, ಕಾಗದದ ನಾರಿಗೆ ಇಳಿಯುತ್ತದೆ, ಬೇಗ ಒಣಗುತ್ತದೆ. ಸಣ್ಣ ಗೆರೆಗೆ ಒಳ್ಳೆಯದು. ತುಂಬು ಆಕಾರಕ್ಕೆ ಬಳಸಿದರೆ ನಾರು ಎಲ್ಲಿ ಹೆಚ್ಚು ಹೀರಿತೋ ಅಲ್ಲಿ ಗಾಢ, ಎಲ್ಲಿ ಕಡಿಮೆ ಹೀರಿತೋ ಅಲ್ಲಿ ತಿಳಿ, ಹೀಗೆ ಮಚ್ಚೆಮಚ್ಚೆಯಾಗಿ ಕಾಣುತ್ತದೆ. ಪಿಗ್ಮೆಂಟ್ ಶಾಯಿಯಲ್ಲಿ ಬಣ್ಣದ ಸೂಕ್ಷ್ಮ ಕಣಗಳು ಕರಗದೆ ದಪ್ಪ ದ್ರವದಲ್ಲಿ ತೇಲುತ್ತಿರುತ್ತವೆ, ಕಾಗದದ ಮೇಲ್ಮೈಯಲ್ಲೇ ಪದರವಾಗಿ ನಿಲ್ಲುತ್ತವೆ. ಒಣಗಲು ತಡ, ಆದರೆ ತುಂಬು ಆಕಾರ ಸಮನಾಗಿ, ಗಾಢವಾಗಿ ಮೂಡುತ್ತದೆ. ಜಪಾನಿನ ತ್ಸುಕಿನೆಕೊ ಕಂಪನಿಯ ವರ್ಸಾಫೈನ್ ಪಿಗ್ಮೆಂಟ್ ಶಾಯಿ ಕೂದಲೆಳೆಯಂಥ ಗೆರೆಯನ್ನೂ ಬಿಡದೆ ಮೂಡಿಸುವುದಕ್ಕೆ ಹೆಸರಾಗಿದೆ. ಅದೇ ಕಂಪನಿಯ ಮೆಮೆಂಟೊ ಡೈ ಶಾಯಿ ಒಣಗಿದ ಮೇಲೆ ಕೋಪಿಕ್‌ನಂಥ ಆಲ್ಕೋಹಾಲ್ ಮಾರ್ಕರ್‌ಗಳಿಂದ ಬಣ್ಣ ತುಂಬಿದರೂ ಕದಡುವುದಿಲ್ಲ. ಜಲವರ್ಣ ತುಂಬುವುದಾದರೆ ಮೆಮೆಂಟೊ ಹರಡುತ್ತದೆ, ಅದಕ್ಕೆ ನೀರಿಗೆ ಜಗ್ಗದ ಶಾಯಿಯೇ ಬೇಕು. ಮುಂದೆ ಏನು ಮಾಡಲಿದ್ದೇವೆ ಎಂಬುದನ್ನು ಮೊದಲು ಗೊತ್ತುಮಾಡಿಕೊಂಡು ಶಾಯಿಯನ್ನು ಆರಿಸಬೇಕು. ಈ ಕ್ರಮ ತಲೆಕೆಳಗಾದಾಗಲೇ ಹೆಚ್ಚು ಕಾರ್ಡುಗಳು ಹಾಳಾಗುವುದು.

ಶಾಯಿ ಹಚ್ಚುವ ಬಗೆಯಲ್ಲೂ ಹಳೆಯ ಅಭ್ಯಾಸವೊಂದನ್ನು ಬಿಡಬೇಕು. ಕಚೇರಿಯಲ್ಲಿ ಪ್ಯಾಡು ಮೇಜಿನ ಮೇಲಿರುತ್ತದೆ, ಸೀಲನ್ನು ಅದರ ಮೇಲೆ ಕುಕ್ಕುತ್ತಾರೆ. ಮೆತ್ತನೆಯ ಪ್ಯಾಡಿಗೆ ಹಾಗೆ ಕುಕ್ಕಿದಾಗ ಸ್ಟ್ಯಾಂಪು ಅದರಲ್ಲಿ ಹೂತು, ತಗ್ಗಿಗೂ ಅಂಚಿಗೂ ಶಾಯಿ ತಾಗುತ್ತದೆ. ಕಾರ್ಡ್ ಕೆಲಸದ ಪ್ಯಾಡುಗಳನ್ನು ಡಬ್ಬಿಯ ಅಂಚಿಗಿಂತ ಮೇಲೆದ್ದಿರುವಂತೆ ಮಾಡಿರುವುದು ಅದನ್ನು ತಿರುವಿ ಹಿಡಿಯಲೆಂದೇ. ಸ್ಟ್ಯಾಂಪನ್ನು ಮುಖ ಮೇಲಾಗಿ ಇಟ್ಟು, ಪ್ಯಾಡನ್ನು ಕೈಯಲ್ಲಿ ಹಿಡಿದು, ಅದರ ಮೇಲೆ ಹಗುರವಾಗಿ ತಟ್ಟುತ್ತ ಹೋಗಿ. ಒಂದೇ ಸಲ ಬಲವಾಗಿ ಒತ್ತುವುದಕ್ಕಿಂತ ಹತ್ತು ಸಲ ಮೃದುವಾಗಿ ತಟ್ಟುವುದು ಮೇಲು. ಆಮೇಲೆ ಸ್ಟ್ಯಾಂಪನ್ನು ದೀಪಕ್ಕೆ ಓರೆಯಾಗಿ ಹಿಡಿಯಿರಿ. ಶಾಯಿ ಹತ್ತಿದ ಜಾಗ ಹೊಳೆಯುತ್ತದೆ, ಹತ್ತದ ಜಾಗ ಮಂಕಾಗಿರುತ್ತದೆ. ದೊಡ್ಡ ಸ್ಟ್ಯಾಂಪಿಗೆ ಡೈ ಶಾಯಿ ಹಚ್ಚುವಷ್ಟರಲ್ಲಿ ಮೊದಲು ಹಚ್ಚಿದ ಕಡೆ ಒಣಗತೊಡಗಿದ್ದರೆ ಬಾಯಿಯಿಂದ ಒಮ್ಮೆ ಬಿಸಿಯುಸಿರು ಬಿಟ್ಟು ಒತ್ತಿ. ಆ ತೇವವೇ ಸಾಕಾಗುತ್ತದೆ.

ಹೊಸ ಪಾಲಿಮರ್ ಸ್ಟ್ಯಾಂಪು ತಂದ ದಿನವೇ ನಿರಾಸೆ ಮಾಡುವುದುಂಟು. ಅಚ್ಚಿನಿಂದ ಬಿಡಿಸಿಕೊಂಡು ಬಂದ ಅದರ ಮೈ ಗಾಜಿನಷ್ಟು ನುಣುಪು, ಮೇಲೆ ತಯಾರಿಕೆಯ ಕಾಲದ ಜಿಡ್ಡಿನ ಲೇಪವೂ ಇರಬಹುದು. ಶಾಯಿ ಹರಡಿ ನಿಲ್ಲದೆ ಹನಿಹನಿಯಾಗಿ ಕೂಡಿಕೊಳ್ಳುತ್ತದೆ, ಆ ಹನಿಗಳೇ ಕಾಗದದಲ್ಲಿ ಮಚ್ಚೆಗಳಾಗಿ ಮೂಡುತ್ತವೆ. ಸೋಪು ನೀರಿನಲ್ಲಿ ತೊಳೆದು ಒಣಗಿಸಿ, ಪೆನ್ಸಿಲ್ ಅಳಿಸುವ ಬಿಳಿ ರಬ್ಬರಿನಿಂದ ಮೈಯೆಲ್ಲ ಹಗುರವಾಗಿ ತಿಕ್ಕಿದರೆ ಆ ಹೊಳಪು ಹೋಗಿ ಶಾಯಿ ಹಿಡಿಯುವ ಹದ ಬರುತ್ತದೆ. ತೀರಾ ಹಟಮಾರಿ ಸ್ಟ್ಯಾಂಪಿಗೆ ಅತಿ ನಯವಾದ ಉಪ್ಪುಕಾಗದವನ್ನು ಒಂದೆರಡು ಸಲ ಸೋಕಿಸುವವರಿದ್ದಾರೆ, ಸಣ್ಣ ಗೆರೆಗಳಿದ್ದರೆ ಆ ದಾರಿ ಬೇಡ. ಕೆಂಪು ರಬ್ಬರಿಗೆ ಈ ಉಪಚಾರ ಅಷ್ಟಾಗಿ ಬೇಕಾಗುವುದಿಲ್ಲ, ಅದರ ಮೈಗೆ ಹುಟ್ಟಿನಿಂದಲೇ ಶಾಯಿ ಹಿಡಿಯುವ ಗುಣವಿದೆ. ಚಾರ್ಲ್ಸ್ ಗುಡ್‌ಇಯರ್ 1839ರಲ್ಲಿ ರಬ್ಬರಿಗೆ ಗಂಧಕ ಬೆರೆಸಿ ಕಾಯಿಸುವ ವಲ್ಕನೀಕರಣದ ದಾರಿ ಕಂಡುಕೊಂಡ. 1844ರಲ್ಲಿ ಅದಕ್ಕೆ ಅಮೆರಿಕದ ಪೇಟೆಂಟ್ ಸಿಕ್ಕಿತು. ಬೇಸಿಗೆಯಲ್ಲಿ ಅಂಟಾಗಿ, ಚಳಿಯಲ್ಲಿ ಸಿಡಿಯುತ್ತಿದ್ದ ವಸ್ತು ಆಮೇಲೆಯೇ ಗೆರೆ ಹಿಡಿದಿಡುವಷ್ಟು ಗಟ್ಟಿಯಾದದ್ದು. ಮೊದಮೊದಲ ಸ್ಟ್ಯಾಂಪು ತಯಾರಕರು ದಂತವೈದ್ಯರು ಕೃತಕ ಹಲ್ಲಿನ ವಸಡು ಕಾಯಿಸಲು ಇಟ್ಟುಕೊಂಡಿದ್ದ ಪಾತ್ರೆಗಳಲ್ಲೇ ರಬ್ಬರ್ ಬೇಯಿಸುತ್ತಿದ್ದರು.

ಕಾಗದದ ವಿಷಯದಲ್ಲಿ ನಮ್ಮವರ ಒಲವು ಕೈಕಾಗದದ ಕಡೆಗೆ. ನೋಡಲು ಅದು ಚಂದವೇ, ಆದರೆ ಉಬ್ಬುತಗ್ಗಿನ ಅದರ ಮೈಯಲ್ಲಿ ತುಂಬು ಅಚ್ಚು ಎಂದೂ ಪೂರ್ತಿ ಕೂರದು. ಅಲ್ಲಿ ದಪ್ಪ ಗೆರೆಯ, ಸರಳ ಆಕಾರದ ಸ್ಟ್ಯಾಂಪು ಆರಿಸಿ, ಅರೆಬರೆ ಮೂಡುವುದನ್ನೇ ಚೆಲುವೆಂದು ಒಪ್ಪಿಕೊಳ್ಳಬೇಕು. ಸ್ಪಷ್ಟತೆ ಬೇಕೆಂದರೆ 220ರಿಂದ 300 ಜಿಎಸ್ಎಂ ತೂಕದ, ಹೊಳಪು ಲೇಪವಿಲ್ಲದ ನಯವಾದ ಕಾರ್ಡು ತನ್ನಿ. ಯಂತ್ರದಲ್ಲಿ ತಯಾರಾದ ಎಷ್ಟೋ ಕಾಗದಗಳ ಎರಡು ಮೈ ಒಂದೇ ಅಲ್ಲ. ತಿರುಳು ನೀರು ಬಸಿಯುವ ಜಾಲರಿಗೆ ತಾಗಿದ ಬದಿ ಸ್ವಲ್ಪ ಒರಟು. ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿದರೆ, ಇಲ್ಲವೇ ಬೆರಳ ಬೆನ್ನಿನಿಂದ ಸವರಿದರೆ ನಯದ ಬದಿ ಗೊತ್ತಾಗುತ್ತದೆ.

ಮಳೆಗಾಲದ ಕಷ್ಟವನ್ನು ಕರಾವಳಿ, ಮಲೆನಾಡಿನವರಿಗೆ ಬೇರೆ ಹೇಳಬೇಕಿಲ್ಲ. ಅಮೆರಿಕದ ಕೈಪಿಡಿಗಳು ಕೊಡುವ ಒಣಗುವ ಸಮಯ ಆಷಾಢದ ಮಂಗಳೂರಿಗೋ ಆಗುಂಬೆಗೋ ಹೊಂದುವುದಿಲ್ಲ. ತೇವ ಕುಡಿದ ಕಾಗದದ ನಾರು ಉಬ್ಬಿರುತ್ತದೆ, ಡೈ ಶಾಯಿ ಅದರಲ್ಲಿ ಹೆಚ್ಚು ಹರಡುತ್ತದೆ, ಪಿಗ್ಮೆಂಟ್ ಶಾಯಿ ಗಂಟೆಗಟ್ಟಲೆ ಹಸಿಯಾಗಿಯೇ ಇರುತ್ತದೆ. ಕಾರ್ಡುಗಳನ್ನು ಸಿಲಿಕಾ ಜೆಲ್ ಪೊಟ್ಟಣಗಳ ಜೊತೆ ಮುಚ್ಚಳ ಬಿಗಿಯಾದ ಡಬ್ಬಿಯಲ್ಲಿಟ್ಟು, ಒತ್ತುವ ಮುನ್ನವಷ್ಟೇ ತೆಗೆಯುವುದು ಒಳ್ಳೆಯದು. ಕಲಬುರಗಿ, ಬಳ್ಳಾರಿಯ ಬೇಸಿಗೆಯಲ್ಲಿ ತೊಂದರೆ ತಿರುವುಮುರುವು: ಪ್ಯಾಡಿನಿಂದ ಕಾಗದಕ್ಕೆ ಬರುವಷ್ಟರಲ್ಲೇ ಡೈ ಶಾಯಿ ಒಣಗುತ್ತದೆ. ಅಲ್ಲಿ ಫ್ಯಾನು ಆರಿಸಿ ಕೂರಬೇಕು, ಕೆಲಸ ಮುಗಿದ ಕೂಡಲೇ ಪ್ಯಾಡಿನ ಮುಚ್ಚಳ ಹಾಕಬೇಕು.

2014ರಲ್ಲಿ ಅಮೆರಿಕದ ಇಲಿಯಾನಾ ಮಿಸ್ಕಾ ‘ಮಿಸ್ಟಿ’ ಎಂಬ ಸಾಧನವನ್ನು ಮಾರುಕಟ್ಟೆಗೆ ತಂದ ಮೇಲೆ ಈ ಹವ್ಯಾಸದ ಚಹರೆಯೇ ಬದಲಾಯಿತು. ತಿರುಗಣಿಯ ಮುಚ್ಚಳವಿರುವ ಚಪ್ಪಟೆ ಪೆಟ್ಟಿಗೆ ಅದು. ಕಾಗದವನ್ನು ಮೂಲೆಗೆ ಒತ್ತರಿಸಿ ಅಯಸ್ಕಾಂತದಿಂದ ಕದಲದಂತೆ ಹಿಡಿಸಬೇಕು, ಸ್ಟ್ಯಾಂಪು ಮುಚ್ಚಳದ ಒಳಮೈಗೆ ಅಂಟಿಕೊಳ್ಳುತ್ತದೆ. ಮುಚ್ಚಳ ಮುಚ್ಚಿದಾಗಲೆಲ್ಲ ಅಚ್ಚು ಅದೇ ಜಾಗಕ್ಕೆ ಬೀಳುತ್ತದೆ. ಮಸುಕಾಗಿ ಮೂಡಿದರೆ ಮತ್ತೆ ಶಾಯಿ ಹಚ್ಚಿ ಅದರ ಮೇಲೆಯೇ ಒತ್ತಬಹುದು. ತುಂಬು ಆಕಾರಗಳಿಗೆ ಇದಕ್ಕಿಂತ ದೊಡ್ಡ ಉಪಕಾರವಿಲ್ಲ: ಮೂರು ತೆಳು ಪದರಗಳು ಸೇರಿ ಕೊಡುವ ಗಾಢತೆಯನ್ನು ಒಂದು ದಪ್ಪ ಪದರ ಕೊಡಲಾರದು. ಇಲ್ಲೂ ಮೆತ್ತೆಯ ನಿಯಮ ತಪ್ಪುವುದಿಲ್ಲ. ಪೆಟ್ಟಿಗೆಯ ಜೊತೆ ಬರುವ ಫೋಮ್ ಹಾಸನ್ನು ಪಾಲಿಮರ್ ಸ್ಟ್ಯಾಂಪಿಗೆ ಇಟ್ಟುಕೊಳ್ಳಬೇಕು, ಫೋಮ್ ಬೆನ್ನಿನ ಕೆಂಪು ರಬ್ಬರಿಗೆ ತೆಗೆದುಬಿಡಬೇಕು. ಬೆಲೆ ಹೆಚ್ಚೆನಿಸಿದರೆ ಹಳೆಯ ಸೀಡಿ ಡಬ್ಬಿಯ ತಿರುಗಣಿ ಮುಚ್ಚಳದಿಂದಲೂ ಸಣ್ಣ ಸ್ಟ್ಯಾಂಪುಗಳ ಮಟ್ಟಿಗೆ ಇದೇ ಕೆಲಸ ಸಾಧಿಸಬಹುದು.

ಹೂವು ಬಳ್ಳಿಗಳ ಸ್ಟ್ಯಾಂಪು ಎಲ್ಲಿಂದಲಾದರೂ ಬರುತ್ತದೆ. ಕಾರ್ಡಿನ ಮೇಲೆ ಕನ್ನಡದಲ್ಲಿ ನಾಲ್ಕಕ್ಷರ ಮೂಡಿಸಬೇಕೆಂದರೆ ಬಹುಮಟ್ಟಿಗೆ ನಾವೇ ಮಾಡಿಸಿಕೊಳ್ಳಬೇಕು. ಅಲ್ಲಿ ಇಷ್ಟು ಹೊತ್ತು ಹೇಳಿದ ಪ್ರತಿಯೊಂದು ದೋಷವೂ ಇಮ್ಮಡಿಯಾಗಿ ಕಾಡುತ್ತದೆ. ನಮ್ಮ ಲಿಪಿಯ ದುಂಡುತನವೇ ಅದಕ್ಕೆ ಕಾರಣ. ‘ಠ’ದ ಹೊಟ್ಟೆಯೊಳಗೊಂದು ಚುಕ್ಕೆ. ‘ದ’ಕ್ಕೂ ‘ಧ’ಕ್ಕೂ, ‘ಬ’ಕ್ಕೂ ‘ಭ’ಕ್ಕೂ ಇರುವ ವ್ಯತ್ಯಾಸ ಬುಡದ ಒಂದು ಸಣ್ಣ ಸೀಳಿನಷ್ಟು. ಶಾಯಿ ಒಂದಿಷ್ಟು ಹೆಚ್ಚಾದರೂ ಆ ಸೀಳು ಮುಚ್ಚಿಹೋಗಿ ‘ಧನ್ಯವಾದ’ ಅಲ್ಪಪ್ರಾಣದ್ದಾಗುತ್ತದೆ, ‘ಶುಭಾಶಯ’ದ ‘ಭಾ’ ‘ಬಾ’ ಆಗುತ್ತದೆ. ‘ಹುಟ್ಟುಹಬ್ಬ’ದಲ್ಲಿ ಎರಡು ಒತ್ತಕ್ಷರಗಳು, ಎರಡೂ ಮೂಲ ಅಕ್ಷರಕ್ಕಿಂತ ಚಿಕ್ಕವು, ಎರಡರಲ್ಲೂ ಸುರುಳಿಗಳಿವೆ. ಸಾಲಿನ ಮೇಲ್ಭಾಗಕ್ಕೆ ಹದವಾದ ಶಾಯಿ ಕೆಳಗಿನ ಒತ್ತಿಗೆ ಅತಿಯಾಗುತ್ತದೆ.

ಊರೂರಿನ ಸೀಲು ಅಂಗಡಿಗಳಲ್ಲಿ ಇಂದು ಸಾಮಾನ್ಯವಾಗಿ ಮೂರು ಬಗೆ ಸಿಗುತ್ತದೆ. ಫ್ಲ್ಯಾಶ್ ಸ್ಟ್ಯಾಂಪು ಎಂದು ಕರೆಯುವ, ಶಾಯಿ ಒಳಗೇ ತುಂಬಿರುವ ಫೋಮಿನ ಸೀಲು ಕಾರ್ಡಿಗೆ ಬೇಡ, ಬಣ್ಣ ಬದಲಿಸಲು ಬರುವುದಿಲ್ಲ, ಅಂಚೂ ಮೃದುವಾಗುತ್ತದೆ. ಲೇಸರ್‌ನಿಂದ ಕೊರೆದ ರಬ್ಬರು ಒಳ್ಳೆಯದು. ನೆಗೆಟಿವ್ ಫಿಲ್ಮಿನ ಮೂಲಕ ಅತಿನೇರಳೆ ಬೆಳಕು ಹಾಯಿಸಿ ದ್ರವ ಪಾಲಿಮರನ್ನು ಗಟ್ಟಿಗೊಳಿಸಿ, ಉಳಿದದ್ದನ್ನು ತೊಳೆದು ತೆಗೆಯುವ ಸೀಲು ಇನ್ನೊಂದು. ಅದೂ ಆಗಬಹುದು, ಆದರೆ ಉಬ್ಬು ಕಡಿಮೆ ಇದ್ದರೆ ಸುತ್ತಲಿನ ಖಾಲಿ ಜಾಗವೂ ಕಾಗದಕ್ಕೆ ತಾಗುತ್ತದೆ. ಅಕ್ಷರದ ಅಂಚಿಗೆ ಹತ್ತಿರವಾಗಿ ಕತ್ತರಿಸಿ ಕೊಡಲು ಹೇಳಬೇಕು. ಮೂಲ ಅಕ್ಷರ 5 ಮಿ.ಮೀ.ಗಿಂತ ಕುಳ್ಳಗಿರಬಾರದು ಎಂಬುದು ನನ್ನ ಅಂದಾಜು, ಒತ್ತಕ್ಷರವಿದ್ದರೆ ಇನ್ನೂ ದೊಡ್ಡದೇ ಆಗಲಿ. ತೆಳುವಾದ, ಒಂದೇ ದಪ್ಪದ ಗೆರೆಯ ಅಕ್ಷರರೂಪವನ್ನು ಆರಿಸಿ. ಮದುವೆ ಕರೆಯೋಲೆಯ ಕೊಬ್ಬಿದ ಅಲಂಕಾರದ ಅಕ್ಷರಗಳು ರಬ್ಬರಿಗೆ ಹೇಳಿಸಿದ್ದಲ್ಲ. ಒತ್ತಲು ವರ್ಸಾಫೈನ್‌ನಂಥ ದಪ್ಪ ಶಾಯಿಯನ್ನು ಹಗುರವಾಗಿ ತಟ್ಟಿ, ಎರಡು ಅಚ್ಚಿಗೊಮ್ಮೆ ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಸೀಳುಗಳನ್ನು ಶುಚಿಗೊಳಿಸಿ.

ನಮ್ಮ ಅಕ್ಷರ ವಿನ್ಯಾಸಕರಿಂದ ನನಗೊಂದು ನಿರೀಕ್ಷೆಯಿದೆ. 1978ರಲ್ಲಿ ಮ್ಯಾಥ್ಯೂ ಕಾರ್ಟರ್ ಅಮೆರಿಕದ ದೂರವಾಣಿ ಡೈರೆಕ್ಟರಿಗೆಂದು ಬೆಲ್ ಸೆಂಟೆನಿಯಲ್ ಎಂಬ ಅಕ್ಷರರೂಪ ಮಾಡಿದರು. ಅಗ್ಗದ ಕಾಗದದಲ್ಲಿ, ಅತಿ ಸಣ್ಣ ಗಾತ್ರದಲ್ಲಿ, ವೇಗದ ಮುದ್ರಣದಲ್ಲಿ ಶಾಯಿ ಹರಡುವುದು ಖಂಡಿತವೆಂದು ಅರಿತು, ಗೆರೆಗಳು ಕೂಡುವ ಕಡೆಯಲ್ಲೆಲ್ಲ ಬೇಕೆಂದೇ ಆಳವಾದ ಕಚ್ಚುಗಳನ್ನು ಬಿಟ್ಟರು. ದೊಡ್ಡದಾಗಿ ನೋಡಿದರೆ ಆ ಅಕ್ಷರಗಳು ಇಲಿ ಕಡಿದಂತೆ ಕಾಣುತ್ತವೆ, ಅಚ್ಚಾದಾಗ ಶಾಯಿ ಕಚ್ಚುಗಳಲ್ಲಿ ತುಂಬಿಕೊಂಡು ಅಕ್ಷರ ಸರಿಯಾಗಿ ನಿಲ್ಲುತ್ತದೆ. ರಬ್ಬರ್ ಸ್ಟ್ಯಾಂಪಿಗೆಂದೇ ಅಂಥದೊಂದು ಕನ್ನಡ ಅಕ್ಷರರೂಪ ಬೇಕು: ‘ಧ’ದ ಸೀಳು ಕಣ್ಣಿಗೆ ಹಿತವೆನಿಸುವುದಕ್ಕಿಂತ ಅಗಲವಾಗಿ, ‘ಠ’ದ ಚುಕ್ಕೆ ಸುತ್ತಲೂ ಹೆಚ್ಚು ಬಯಲಿಟ್ಟುಕೊಂಡು, ಒತ್ತಕ್ಷರಗಳು ಮೂಲ ಅಕ್ಷರದಿಂದ ಒಂದಿಷ್ಟು ದೂರ ಸರಿದು. ಅಲ್ಲಿಯವರೆಗೆ ಸೀಲು ಅಂಗಡಿಯ ಕಂಪ್ಯೂಟರಿನ ಮುಂದೆ ಕುಳಿತು, ಫಿಲ್ಮ್ ತೆಗೆಯುವ ಮೊದಲೇ ಆ ಸೀಳುಗಳನ್ನು ಒಂದೊಂದಾಗಿ ಅಗಲಿಸಿಕೊಡಿ ಎಂದು ಕೇಳಿಕೊಳ್ಳಿ. ಕೆಲಸ ಬಲ್ಲ ಸೀಲುಗಾರನಿಗೆ ಅದು ಹತ್ತು ನಿಮಿಷದ ಮಾತು.